ಎತ್ತಬೇಡ ನಂಬರ್ ಎರಡು

ನನ್ನ ಫೋನಿಗೆ ವಯಸ್ಸಾಯಿತೆಂದು ನನಗೆ ತಿಳಿಸಿದ್ದು ಫೋನೇ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಮೆಸೇಜು ನೋಡಲು ಹೋದರೆ, ಮುಂದಿನ ತಿಂಗಳಿಂದ ಈ ಆ್ಯಪ್ ನಿಮ್ಮ ಫೋನಿನಲ್ಲಿ ಕೆಲಸ ಮಾಡುವುದಿಲ್ಲ, ಇಷ್ಟು ದಿನ ಜೊತೆಗಿದ್ದುದಕ್ಕೆ ವಂದನೆಗಳು ಎಂಬ ಒಕ್ಕಣೆ ಕಂಡಿತು. ಎರಡು ವರ್ಷದ ಹಿಂದೆ ಇಂಥದೇ ಒಂದು ಕಾಗದ ನನಗೂ ಬಂದಿತ್ತು. ವ್ಯತ್ಯಾಸವೆಂದರೆ, ನನಗೆ ಒಂದು ಹಾರ ಹಾಕಿ ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಪಾಪ, ಫೋನಿಗೆ ಅದೂ ಇಲ್ಲ.

ನಾನು ಮೂವತ್ತು ಚಿಲ್ಲರೆ ವರ್ಷ ದೇವಸಮುದ್ರ, ನನ್ನಿವಾಳ ಅಂತ ತಿರುಗುತ್ತಾ ದನ, ಕುರಿ, ಮೇಕೆಗಳಿಗೆ ಸೂಜಿ ಚುಚ್ಚಿದವನು. ಕಾಗದದ ಮೇಲೆ ನಾನು ಪಶು ಆಸ್ಪತ್ರೆಯ ಪರೀಕ್ಷಕ ಮಾತ್ರ. ಆದರೆ ಕುರಿ ಕಾಯುವವರ ಪಾಲಿಗೆ ಸೂಜಿ ಹಿಡಿದವನೆಲ್ಲ ಡಾಕ್ಟರೇ ಆದ್ದರಿಂದ, ಇವತ್ತಿಗೂ ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ನಾಲ್ಕು ಜನ "ಡಾಕ್ಟ್ರೇ" ಅನ್ನುತ್ತಾರೆ. ನಾನು ತಿರುಗಿಯೂ ನೋಡುತ್ತೇನೆ. ನಾಚಿಕೆಗೇಡು, ಆದರೂ ನಿಜ.

ಈ ಫೋನು ಆ ದಿನಗಳ ಒಡನಾಡಿ. ಒಮ್ಮೆ ಕುರಿಗಳ ಮೈಯ ಉಣ್ಣಿ ಸಾಯಲೆಂದು ಔಷಧಿ ನೀರಿನ ತೊಟ್ಟಿಯಲ್ಲಿ ಅವನ್ನು ಒಂದೊಂದಾಗಿ ಅದ್ದಿ ತೆಗೆಯುತ್ತಿದ್ದಾಗ, ಅಂಗಿಯ ಜೇಬಿನಿಂದ ಜಾರಿ ಇದೂ ಮುಳುಗಿತು. ಕುರಿಗಳಂತೆ ಇದನ್ನೂ ಕಿವಿ ಹಿಡಿದೆತ್ತಿದೆವು. ಮೂರು ದಿನ ರಾಗಿ ಮೂಟೆಯೊಳಗೆ ಹೂತಿಟ್ಟ ಮೇಲೆ ಮತ್ತೆ ಉಸಿರಾಡಿತು. ಅಲ್ಲಿಂದೀಚೆಗೆ ಅದಕ್ಕೆ ಯಾವ ವೈರಸ್ಸೂ ಬಂದಿಲ್ಲ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅಂಥದನ್ನು ಬಿಸಾಕಿ ಹೊಸದು ಕೊಳ್ಳುವುದು ಹೇಗೆ? ಹಲ್ಲು ಉದುರಿದ ಟಗರನ್ನೂ ನಮ್ಮಪ್ಪ ಮಾರಿದವನಲ್ಲ.

ಹಾಗಾಗಿ ಬಾಷಾ ಸಾಬರ ಅಂಗಡಿಗೆ ಹೋದೆ. ಬಾಷಾ ಸಾಬರು ನನ್ನ ವಯಸ್ಸಿನವರೇ. ಮೂಲತಃ ಗಡಿಯಾರದವರು. ಜನ ಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ, ಅದೇ ಮೇಜು, ಅದೇ ಚಿಮುಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅದೇ ಭೂತಗನ್ನಡಿ ಇಟ್ಟುಕೊಂಡು ಮೊಬೈಲಿಗೆ ಇಳಿದರು. ನಿವೃತ್ತಿಗೆ ಕೊಟ್ಟ ನನ್ನ ಗೋಡೆ ಗಡಿಯಾರ ತಿಂಗಳೊಳಗೆ ನಿಂತುಹೋದಾಗ ರಿಪೇರಿ ಮಾಡಿಕೊಟ್ಟವರೂ ಅವರೇ. ಫೋನನ್ನು ಕಿವಿಗೆ ಹಿಡಿದು ಟಿಕ್ ಟಿಕ್ ಕೇಳುವವರಂತೆ ಒಂದು ಗಳಿಗೆ ಆಲಿಸಿದರು. ಹಳೆಯ ಅಭ್ಯಾಸ.

"ಡಾಕ್ಟರ್ ಸಾಬ್, ಮಷಿನ್ ಒಳ್ಳೇದೈತೆ. ಕಂಪನಿಯೋರು ಇದನ್ನ ಕೈಬಿಟ್ಟವ್ರೆ, ಅಷ್ಟೇ," ಎಂದರು. "ಕಂಪನಿ ಸಾಫ್ಟ್‌ವೇರ್ ತೆಗೆದು ಬೇರೆ ಹಾಕೋಣ. ಕಸ್ಟಮ್ ರೋಮ್ ಅಂತಾರೆ ಅದಕ್ಕೆ. ಇನ್ನೂ ನಾಕು ವರ್ಷ ಓಡ್ತದೆ. ಫಿಕರ್ ಮಾಡ್ಬೇಡಿ."

"ಒಳಗಿರೋದೆಲ್ಲ ಹಂಗೇ ಇರ್ತದಾ?"

"ಬಿಲ್ಕುಲ್ ಇರಲ್ಲ. ಹೊಲ ಉತ್ತಂಗೆ. ಫೋಟೋ, ನಂಬರು, ಎಲ್ಲಾ ಸಾಫ್. ಬ್ಯಾಕಪ್ ತಗಂಡು ನಾಳೆ ಬೆಳಿಗ್ಗೆ ತಂದುಕೊಡಿ." ಒಂದು ಪೆನ್‌ಡ್ರೈವನ್ನೂ ಅದನ್ನು ಫೋನಿಗೆ ಸಿಕ್ಕಿಸುವ ಮೊಳದುದ್ದದ ಬಾಲದಂಥ ವೈರನ್ನೂ ಕೈಗೆ ಕೊಟ್ಟರು. "ನಂಬರ್‌ಗಳು ನಿಮ್ಮ ಮೇಲ್ ಖಾತೆಗೆ ಹೋಗ್ತಾವೆ. ಪಾಸ್‌ವರ್ಡ್ ಗೊತ್ತೈತಲ್ಲ?"

ಗೊತ್ತು ಎಂದೆ. ಮೂವತ್ತು ವರ್ಷ ಡಾಕ್ಟರಲ್ಲದೆಯೂ ಡಾಕ್ಟರೆನಿಸಿಕೊಂಡವನಿಗೆ ಗೊತ್ತಿಲ್ಲ ಎನ್ನುವ ಮಾತು ಬಾಯಿಗೆ ಬರುವುದಿಲ್ಲ.

ಬ್ಯಾಕಪ್ ಎಂಬ ಮಾತು ಕೇಳಿದಾಗಲೆಲ್ಲ ನನಗೆ ದೊಡ್ಡಉಳ್ಳಾರ್ತಿಯ ನಮ್ಮಜ್ಜಿ ನೆನಪಾಗುತ್ತಾಳೆ. ಬಿತ್ತನೆಗೆ ಬೇಕಾದ ಬೀಜವನ್ನು ಅವಳು ಒಂದೇ ಕಡೆ ಇಟ್ಟವಳಲ್ಲ. ಒಂದಿಷ್ಟು ಬೂದಿ ಕಲಸಿ ಮಡಕೆಯಲ್ಲಿ, ಒಂದಿಷ್ಟು ಬೇವಿನ ಸೊಪ್ಪಿನ ಜೊತೆ ಅಟ್ಟದ ಮೇಲೆ, ಒಂದಿಷ್ಟು ಹಟ್ಟಿಯಾಚೆ ಅವಳ ತಂಗಿಯ ಮನೆಯಲ್ಲಿ. ಯಾಕಜ್ಜಿ ಮೂರು ಕಡೆ ಎಂದರೆ, "ಒಂದು ಇಲಿಗೆ, ಒಂದು ಕಳ್ಳಂಗೆ, ಒಂದು ನಮಗೆ" ಅನ್ನುತ್ತಿದ್ದಳು. ನಾನೂ ಅವಳ ಮೊಮ್ಮಗನೇ. ಕಾವಲಿನಲ್ಲಿ ಕುರಿ ಮೇಯಿಸುವಾಗ ಬುತ್ತಿಯ ರೊಟ್ಟಿಯನ್ನು ಮೂರು ಬಂಡೆಗಳ ಕೆಳಗೆ ಬಚ್ಚಿಟ್ಟು, ಮಧ್ಯಾಹ್ನ ಮೂರನ್ನೂ ಹುಡುಕಲಾಗದೆ ಹಸಿದುಕೊಂಡು ಮನೆಗೆ ಬಂದವನು. ಅಜ್ಜಿಯ ಬುದ್ಧಿ ಬಂದರೂ ಅಜ್ಜಿಯ ನೆನಪಿನ ಶಕ್ತಿ ನನಗೆ ಬರಲಿಲ್ಲ.

ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. ತಿಪ್ಪಮ್ಮ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು.

"ಫೋನಿಗೆ ಏನೋ ರಮ್ ಹಾಕ್ತಾರಂತೆ," ಎಂದೆ.

"ಫೋನಿಗೂ ರಮ್ಮಾ? ಬಾಷಾ ಸಾಬ್ರು ಅದನ್ನ ಮುಟ್ಟೋರಲ್ವಲ್ರೀ!"

ಹೊಸ ಸಾಫ್ಟ್‌ವೇರು ಎಂದು ತಿದ್ದಿ ಹೇಳುವಷ್ಟರಲ್ಲಿ ಎರಡು ಸೇರು ಕಾಯಿ ಸುಲಿದಾಗಿತ್ತು.

ಮೊದಲು ಫೋಟೋಗಳು. ನಾಲ್ಕು ಸಾವಿರಕ್ಕೂ ಹೆಚ್ಚಿದ್ದವು. ಪೆನ್‌ಡ್ರೈವಿನಲ್ಲಿ ಅಷ್ಟಕ್ಕೆ ಜಾಗವಿರಲಿಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ಆರಿಸಲು ಇಬ್ಬರೂ ಪಡಸಾಲೆಯಲ್ಲಿ ಕೂತೆವು. ನನ್ನ ಫೋನಿನ ಚಿತ್ರಶಾಲೆ ಹೇಗಿದೆಯೆಂದರೆ, ಮೊದಲು ಒಂದು ಹಸುವಿನ ನಾಲಗೆ, ಆಮೇಲೆ ಕುರಿಯ ಗೊರಸು, ಆಮೇಲೆ ನನ್ನ ತಂಗಿಯ ಮಗಳ ಮದುವೆಯ ಆರತಕ್ಷತೆ, ಆಮೇಲೆ ಮೂರು ಬಣ್ಣದ ಸಗಣಿ. ನಿವೃತ್ತನಾದರೂ ಕುರಿಗಾಹಿಗಳು ಫೋಟೋ ಕಳಿಸಿ ಔಷಧಿ ಕೇಳುವುದನ್ನು ಬಿಟ್ಟಿಲ್ಲ. ಮದುವೆಯ ಫೋಟೋ ತೋರಿಸುತ್ತೇನೆಂದು ಬೀಗರ ಕೈಗೆ ಫೋನು ಕೊಟ್ಟು ನಾನು ಕಳೆದುಕೊಂಡ ಮರ್ಯಾದೆಯ ಲೆಕ್ಕ ಬೇರೆ.

"ಇವನ್ನ ತೆಗೀರಿ, ಮನುಷ್ಯರ ಫೋಟೋ ಇಟ್ಕಳ್ರಿ," ಎಂದಳು ತಿಪ್ಪಮ್ಮ.

ನಾನು ಒಪ್ಪಲಿಲ್ಲ. "ಮನುಷ್ಯರ ಫೋಟೋ ಅವರವರ ಹತ್ರಾನೇ ಇರ್ತಾವೆ. ಈ ಕುರಿಗಳಿಗೆ ಯಾರಿದ್ದಾರೆ? ಇದೆಲ್ಲ ಜ್ಞಾನ ಕಣೆ," ಎಂದು ಪಾಠ ಹೇಳಿ ನಾಲಗೆ, ಗೊರಸು, ಕೆಚ್ಚಲುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿದೆ. ಜಾಗ ಮುಗಿಯಿತು. ಅವಳು ಆಗಾಗ ನನ್ನ ಫೋನಿನಲ್ಲಿ ತೆಗೆದಿದ್ದ ರಂಗೋಲಿ, ಸೀರೆ, ಹಪ್ಪಳ ಒಣಹಾಕಿದ ಮಾಳಿಗೆ ಇವೆಲ್ಲ ಹೊರಗುಳಿದವು. "ಬಟ್ಟೆ ಬರೆ ಫೋಟೋ ಯಾಕೆ?" ಎಂದೆ. ಅವಳು ಏನೂ ಅನ್ನಲಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ನಾನು ಕಲಿತದ್ದೇನೆಂದರೆ, ಅವಳು ಏನೂ ಅನ್ನದಿದ್ದಾಗ ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ಆದರೂ ಪ್ರತಿಸಲ ಹಾಗೆಯೇ ತಿಳಿಯುತ್ತೇನೆ.

ಆಮೇಲೆ ನಂಬರುಗಳು. ಪಾಸ್‌ವರ್ಡು ನೆನಪಿರಲಿಲ್ಲ. ಮರೆತವರಿಗೆ ಒಂದು ಪ್ರಶ್ನೆ ಕೇಳಿತು: ನೀವು ಸಾಕಿದ ಮೊದಲ ಪ್ರಾಣಿಯ ಹೆಸರೇನು?

ನೀವೇ ಹೇಳಿ, ಕುರಿಹಟ್ಟಿಯಲ್ಲಿ ಹುಟ್ಟಿದವನನ್ನು ಕೇಳುವ ಪ್ರಶ್ನೆಯೇ ಇದು? ಪೇಟೆಯವರಿಗೆ ಒಂದು ನಾಯಿ, ಒಂದು ಗಿಳಿ ಇದ್ದೀತು. ನಾನು ಕಣ್ಣು ಬಿಟ್ಟಾಗ ನಮ್ಮ ಹಟ್ಟಿಯಲ್ಲಿ ನೂರಕ್ಕೂ ಮೇಲೆ ಕುರಿಗಳಿದ್ದವು. ಪ್ರತಿಯೊಂದಕ್ಕೂ ನಮ್ಮಪ್ಪ ಹೆಸರಿಟ್ಟಿದ್ದ. ಕರಿಯ ಎಂದು ಒತ್ತಿದೆ. ತಪ್ಪು. ಚುಕ್ಕಿ. ತಪ್ಪು. ಮೋಟುಗಿವಿ. ತಪ್ಪು. ದಾಸಯ್ಯ ಎಂಬೊಂದು ಟಗರು ನನ್ನನ್ನು ಗುದ್ದಿ ಕತ್ತಾಳೆ ಬೇಲಿಗೆ ಬೀಳಿಸಿತ್ತು, ಅದೇ ಇರಬೇಕೆಂದು ಉತ್ಸಾಹದಿಂದ ಒತ್ತಿದೆ. ಅದೂ ತಪ್ಪು.

"ನಿಮ್ಮ ಹೆಸರೇ ಹಾಕಿ ನೋಡ್ರಿ. ನಿಮ್ಮವ್ವ ಮೊದ್ಲು ಸಾಕಿದ್ದು ನಿಮ್ಮನ್ನೇ ಅಲ್ವಾ?" ಎಂದಳು ತಿಪ್ಪಮ್ಮ.

ಸಿಟ್ಟಿನಲ್ಲಿ ಅದನ್ನೂ ಹಾಕಿದೆ. ಇನ್ನು ನಾಳೆ ಪ್ರಯತ್ನಿಸಿ ಎಂದು ಬಾಗಿಲು ಮುಚ್ಚಿಕೊಂಡಿತು.

ನಾಳೆಯ ತನಕ ಕಾಯುವುದು ಯಾಕೆ, ಪುಸ್ತಕದಲ್ಲೇ ಬರೆದಿಟ್ಟುಕೊಂಡರಾಯಿತು ಎಂದು ತೀರ್ಮಾನಿಸಿದೆವು. ತಿಪ್ಪಮ್ಮನ ಅಕ್ಷರ ಮುತ್ತಿನಂಥದು. ನನ್ನದು ಔಷಧಿ ಚೀಟಿಯ ಅಕ್ಷರ. ಡಾಕ್ಟರಾಗಲು ನನಗಿದ್ದ ಅರ್ಹತೆ ಅದೊಂದೇ. ಹಾಗಾಗಿ ನಾನು ಓದುವುದು, ಅವಳು ಬರೆಯುವುದು. ಶುರು ಮಾಡಿದ ಮೇಲೆ ಗೊತ್ತಾಯಿತು, ನಾನು ಎಂಥ ಬಲೆಗೆ ಕಾಲಿಟ್ಟೆ ಎಂದು.

ನನಗೆ ಜನರ ಹೆಸರು ನೆನಪಿರುವುದಿಲ್ಲ, ಅವರ ದನಕರುಗಳ ಕಾಯಿಲೆ ಮಾತ್ರ ನೆನಪಿರುತ್ತದೆ. ನಂಬರುಗಳನ್ನು ಉಳಿಸಿಕೊಂಡದ್ದೂ ಹಾಗೆಯೇ.

"ಆರು ಮೊಳ ಹಗ್ಗ ನುಂಗಿದ ಹಸು," ಎಂದು ಓದಿದೆ. ಬರೆದಳು.

"ಇಲಿಬಾಲದ ಟಗರು." ಬರೆದಳು.

"ಉಬ್ಬಿದ ಹೊಟ್ಟೆ ಮೇಷ್ಟ್ರು." ಪೆನ್ನು ನಿಂತಿತು. "ಉಬ್ಬರ ಅವರ ಎಮ್ಮೆಗೆ ಕಣೆ," ಎಂದು ವಿವರಿಸಿದೆ.

"ಕೆಚ್ಚಲು ಬಾವಿನ ರಾಜಮ್ಮ."

ತಿಪ್ಪಮ್ಮ ಪೆನ್ನು ಕೆಳಗಿಟ್ಟಳು. "ಆಯಮ್ಮಂಗೆ ಗೊತ್ತಾದ್ರೆ ನಿಮ್ಮನ್ನ ಹಗ್ಗ ನುಂಗಿಸ್ತಾಳೆ."

ತ ಅಕ್ಷರಕ್ಕೆ ಬಂದಾಗ ಅವಳದೇ ಹೆಸರು ಸಿಕ್ಕಿತು. "ತಿಪ್ಪಮ್ಮ ಹೊಸದು," ಎಂದು ಓದಿಬಿಟ್ಟೆ.

"ಹೊಸದು ಅಂದ್ರೆ? ಹಳೇ ತಿಪ್ಪಮ್ಮ ಯಾವಳು?"

"ಅದೂ ನೀನೇ. ಸಿಮ್ ಬದಲಾಯಿಸಿದ್ಯಲ್ಲ."

"ಸಿಮ್ಮಲ್ವಾ ಹೊಸದು? ನಾನು ಹಳಬಳೇ," ಎಂದು ಹೊಸದು ಎಂಬ ಮಾತನ್ನು ಬಿಟ್ಟು ಬರೆದುಕೊಂಡಳು.

ಇಷ್ಟಾಗುವಾಗಲೇ ನಾನು ಹಿಂದಿನ ಒಂದು ಅಕ್ಷರವನ್ನು ಜಾಣತನದಿಂದ ಹಾರಿಸಿದ್ದೆ. ಆದರೆ ಅವಳು ಶಾಲೆಯಲ್ಲಿ ವರ್ಣಮಾಲೆಯನ್ನು ಸರಿಯಾಗಿ ಕಲಿತವಳು. "ಎ ಅಕ್ಷರದಾಗೆ ಯಾರೂ ಇಲ್ವಾ?" ಎಂದಳು. ಓದಲೇಬೇಕಾಯಿತು.

"ಎತ್ತಬೇಡ ಒಂದು," ಎಂದೆ. ಸೈಟು ಕೊಳ್ಳಿರೆಂದು ದಿನಾ ಕಾಡುವ ದಲ್ಲಾಳಿ ಅವನು. ನಂಬರು ಹೇಳಿದೆ, ಬರೆದಳು. "ಎತ್ತಬೇಡ ಎರಡು," ಎಂದು ದನಿ ಇಳಿಸಿ, ನಂಬರನ್ನು ಸರಸರನೆ ಓದಿದೆ. ಕೊನೆಯ ನಾಲ್ಕು ಅಂಕಿ ನಾನು ಹೇಳುವ ಮೊದಲೇ ಅವಳು ಬರೆದುಬಿಟ್ಟಿದ್ದಳು.

ಆ ನಂಬರಿನ ಕೆಳಗೆ ಪೆನ್ನಿನಿಂದ ಒಂದು ಗೆರೆ ಎಳೆದಳು.

"ಇದು ಓಬಳೇಶಂದು," ಎಂದಳು. "ನನ್ನ ತಮ್ಮನ ನಂಬರು ನನಗೆ ಬಾಯಿಪಾಠ ಐತೆ."

ಓಬಳೇಶ ನನ್ನ ಬಾಮೈದ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಬಂಗಾರದಂಥ ಮನುಷ್ಯ. ಅವನ ಒಂದೇ ದೋಷವೆಂದರೆ, ಯಾವ ಮಾತಿಗೂ ನೇರದಾರಿ ಗೊತ್ತಿಲ್ಲ. "ಏಂ ಬಾವಾ, ಬಾಗುನ್ನಾವಾ?" ಎಂದು ಗಡಿಯ ತೆಲುಗಿನಲ್ಲಿ ಕುಶಲ ಕೇಳಿ ಶುರು ಮಾಡಿ, ಬೆಳಿಗ್ಗೆ ತಿಂದ ತಿಂಡಿ, ತಿಂಡಿಗೆ ಹಾಕಿದ ಶೇಂಗಾ, ಶೇಂಗಾ ತಂದ ಅಂಗಡಿ, ಆ ಅಂಗಡಿಯವನ ಮಾವನ ಕಾಲುನೋವು, ಹೀಗೆ ಊರು ಸುತ್ತಿ ವಿಷಯಕ್ಕೆ ಬರುವಷ್ಟರಲ್ಲಿ ನನ್ನ ಕಿವಿ ಕಾದ ಹೆಂಚಾಗಿರುತ್ತದೆ. ಮೂರು ತಿಂಗಳಿಂದ ಅವನು ಪದೇ ಪದೇ ಫೋನು ಮಾಡುತ್ತಿದ್ದ. ಮೊದಲೆರಡು ಸಲ ಎತ್ತಿ, ಶೇಂಗಾದ ತನಕ ಹೋಗಿ, ಬಸ್ಸು ಬಂತೆಂದು ಸುಳ್ಳು ಹೇಳಿ ಇಟ್ಟಿದ್ದೆ. ಆಮೇಲೆ ಎತ್ತಿರಲಿಲ್ಲ.

ತಿಪ್ಪಮ್ಮ ಫೋನು ಕಿತ್ತುಕೊಂಡು ನೋಡಿದಳು. ಅವನ ಹೆಸರಿನ ಮುಂದೆ, ಅಂದರೆ ಎತ್ತಬೇಡ ಎರಡರ ಮುಂದೆ, ಕೆಂಪು ಬಾಣಗಳ ಸಾಲು.

"ನನಗೆ ಮಾಡೋದು ಬಿಟ್ಟು ನಿಮಗೆ ಇಷ್ಟು ಸಲ ಮಾಡ್ಯಾನೆ ಅಂದ್ರೆ, ನನ್ನ ಕೂಡೆ ಹೇಳಬಾರದ್ದು ಏನೋ ಐತೆ," ಎಂದಳು. ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅದು ನನಗೂ ಅಂಟಿತು. ಅವನಿಗೆ ಏನಾದರೂ ಕಾಯಿಲೆಯೇ? "ನಾಳೆ ಫೋನು ಸಾಬ್ರಿಗೆ ಕೊಟ್ಟು ನೆಟ್ಟಗೆ ಮೊಳಕಾಲ್ಮೂರಿಗೆ ಹೋಗ್ರಿ. ಫೋನಲ್ಲಿ ಕೇಳಿದ್ರೆ ನೀವು ನಡುವೆ ಇಟ್ಟುಬಿಡ್ತೀರಿ. ಎದುರಿಗೆ ಕೂತು, ಅವನ ಮಾತು ಪೂರ್ತಿ ಕೇಳಿಸ್ಕಂಡು ಬರ್ರಿ."

ಹಾಗೆಯೇ ಮಾಡಿದೆ. ಬೆಳಿಗ್ಗೆ ಬಾಷಾ ಸಾಬರು, "ಬ್ಯಾಕಪ್ ಪಕ್ಕಾ ಆಯ್ತಲ್ಲ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ಪಕ್ಕಾ ಎಂದೆ. ಬಸ್ಸಿನಲ್ಲಿ ಕೈ ಹತ್ತು ಸಲ ಜೇಬಿಗೆ ಹೋಗಿ ಬರಿದೇ ಬಂತು. ಪಕ್ಕದಲ್ಲಿ ಕೂತಿದ್ದ ಮುದುಕರು, "ಏನು ಕಳ್ಕಂಡ್ರಿ?" ಎಂದು ಕೇಳಿ ಸೀಟಿನ ಕೆಳಗೆಲ್ಲ ಹುಡುಕತೊಡಗಿದರು. ಏನೂ ಕಳೆದಿಲ್ಲವೆಂದು ಹೇಳಲು ಸಂಕೋಚವಾಗಿ ನಾನೂ ಬಗ್ಗಿ ಹುಡುಕಿದೆ.

ಓಬಳೇಶ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನನ್ನನ್ನು ಕಂಡು ಮುಖ ಅರಳಿತು. ನೋಡಲು ಗಟ್ಟಿಮುಟ್ಟಾಗಿಯೇ ಇದ್ದ. "ಏಂ ಬಾವಾ, ಬಾಗುನ್ನಾವಾ? ಫೋನ್ ಕೆಟ್ಟಿತ್ತಾ?" ಎಂದ. ಹೌದು ಕೆಟ್ಟಿತ್ತು, ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಅದು ಪೂರ್ತಿ ಸುಳ್ಳೇನೂ ಅಲ್ಲ.

ಕಾಫಿ ಬಂತು. ಕಾಫಿಪುಡಿಯ ಚರಿತ್ರೆ ಬಂತು. ರಾಯದುರ್ಗದ ರಸ್ತೆಯ ಗುಂಡಿಗಳು ಬಂದವು. ಹೆಂಡತಿಯ ಆಜ್ಞೆಯಂತೆ ನಾನು ಎಲ್ಲಕ್ಕೂ ತಲೆಯಾಡಿಸಿದೆ. ಊಟಕ್ಕೆ ಕರೆಯುವ ಹೊತ್ತಿಗೆ ಅವನ ಮಂಡಿನೋವಿಗೆ ಬಂದೆವು. ನಾನು ನೆಟ್ಟಗೆ ಕೂತೆ. ಅಲ್ಲಿತ್ತು ವಿಷಯ.

"ಈ ಗುಂಡಿ ಮಗ್ಗದಾಗೆ ಇನ್ನು ಕೂರಕ್ಕಾಗಲ್ಲ ಬಾವ. ಇದನ್ನ ಮುಚ್ಚಿ, ಕುರ್ಚಿ ಮೇಲೆ ಕೂತಂಗೆ ನೇಯೋ ಮಗ್ಗ ಹಾಕಿಸ್ತೀನಿ. ನಮ್ಮಪ್ಪ ಕೂತಿದ್ದ ಗುಂಡಿ ಇದು. ಇದರಾಗಿನ ಕಡೇ ಸೀರೆ ಅಕ್ಕಂಗೆ ನೇಯ್ಬೇಕು ಅಂತ ಆಸೆ. ಅಕ್ಕನ ಮದುವೆಗೆ ಅಪ್ಪ ನೇಯ್ದಿದ್ನಲ್ಲ, ಅದೇ ಅಂಚು. ನನಗೆ ಅದು ಅರ್ಧಂಬರ್ಧ ನೆನಪೈತೆ. ಅಕ್ಕಂಗೆ ಗೊತ್ತಾಗದಂಗೆ ಆ ಸೀರೆದು ಒಂದು ಫೋಟೋ ಕಳ್ಸು ಅಂತ ಕೇಳಕ್ಕೆ ಎಷ್ಟು ಸಲ ಫೋನ್ ಮಾಡಿದೆ!"

ಆ ಸೀರೆ ಈಗ ಇಲ್ಲ. ಮಡಿಕೆಗಳಲ್ಲಿ ಸೀಳಿ ಹೋಗಿತ್ತೆಂದು, ಹಿಂದಿನ ವರ್ಷ ಹಳೆ ರೇಷ್ಮೆಗೆ ಸ್ಟೀಲು ಪಾತ್ರೆ ಕೊಡುವವನು ಬಂದಾಗ ತಿಪ್ಪಮ್ಮ ಕೊಟ್ಟು ಒಂದು ಕೊಳಗ ತೆಗೆದುಕೊಂಡಿದ್ದಳು. ಕೊಡುವ ಮುಂಚೆ ಅದನ್ನು ಮಂಚದ ಮೇಲೆ ಹರಡಿ ನನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದಳು. ಬಟ್ಟೆ ಬರೆ ಫೋಟೋ.

"ಓಬಳೇಶ, ನಿನ್ನ ಫೋನು ಕೊಡು," ಎಂದೆ.

ಬಾಷಾ ಸಾಬರ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಅದು ಇರುವುದು ಮನೆಯ ಪುಸ್ತಕದಲ್ಲಿ. ಮನೆಗೆ ಹಚ್ಚಿದೆ. "ಅಕ್ಕಂಗೆ ಹೇಳ್ಬೇಡ ಬಾವ, ಹೇಳ್ಬೇಡ," ಎಂದು ಓಬಳೇಶ ಪಕ್ಕದಲ್ಲೇ ಪಿಸುಗುಟ್ಟುತ್ತಿದ್ದ.

"ಏನಂತೆ? ಅವನು ಹುಷಾರಾಗವ್ನಾ?" ಎಂದಳು ತಿಪ್ಪಮ್ಮ ಮೊದಲ ಮಾತಿಗೇ.

"ಗುಂಡುಕಲ್ಲಿನಂಗವ್ನೆ. ಬಾಷಾ ಸಾಬ್ರ ನಂಬರು ಹೇಳು ಬೇಗ."

"ಏನಂತ ಬರೆಸೀರಿ?"

"ನಿಂತ ಗಡಿಯಾರ ಅಂತ ನೋಡು."

ಹಾಳೆ ತಿರುವುವ ಸದ್ದು. ದಾರಿಯಲ್ಲಿ ರಾಜಮ್ಮ, ಟಗರು, ಮೇಷ್ಟ್ರು ಎಲ್ಲರೂ ಅಡ್ಡ ಬಂದರು. ಕಡೆಗೆ ನಂಬರು ಸಿಕ್ಕಿತು. ಬಾಷಾ ಸಾಬರಿಗೆ ಹಚ್ಚಿದೆ.

"ಡಾಕ್ಟರ್ ಸಾಬ್, ಮುಬಾರಕ್! ಹೊಸ ಸಾಫ್ಟ್‌ವೇರ್ ಕೂತ್ಕಂತು. ಒಂದು ಗಂಟೆ ಯಾವ್ದೋ ಗೊತ್ತಿಲ್ಲದ ಭಾಷೆ ಮಾತಾಡ್ತು, ಈಗ ಕನ್ನಡಕ್ಕೆ ಬಂದೈತೆ."

"ಹಳೇದು ಏನಾದ್ರೂ ಉಳಿದೈತಾ? ಒಂದೇ ಒಂದು ಫೋಟೋ?"

"ಮೂರು ಸಲ ಕೇಳಿದೆ ಸಾಬ್. ಪಕ್ಕಾ ಅಂದ್ರಿ. ಹಳೇದು ಖತಮ್."

ಓಬಳೇಶನಿಗೆ ಎಲ್ಲ ಹೇಳಿದೆ. ಕೊಳಗದ ವಿಷಯ, ಫೋಟೋದ ವಿಷಯ, ಆ ಜಾಗದಲ್ಲಿ ನಾನು ಉಳಿಸಿಕೊಂಡ ಸಗಣಿಯ ವಿಷಯ. ಎತ್ತಬೇಡದ ವಿಷಯವನ್ನೂ ಹೇಳಿಬಿಟ್ಟೆ. ಮುಚ್ಚಿಡುವ ಮುಖ ಉಳಿದಿರಲಿಲ್ಲ. ಅವನು ಬೈಯಲಿಲ್ಲ. ಅವನ ಮಾತು ನಿಂತಿತು. ಮೂವತ್ತಾರು ವರ್ಷದಲ್ಲಿ ಓಬಳೇಶ ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನ ಮಾತು ಯಾವಾಗ ನಿಂತೀತೋ ಎಂದು ಕಾದಿದ್ದವನಿಗೆ, ಆ ಮೌನವನ್ನು ಸಹಿಸಲಾಗಲಿಲ್ಲ. "ಶೇಂಗಾ ಅಂಗಡಿಯವನ ಮಾವನ ಕಾಲು ಹೆಂಗಾಯ್ತೋ?" ಎಂದು ಕೂಡ ಕೇಳಿದೆ.

ಇನ್ನು ಗುಟ್ಟು ಇಟ್ಟುಕೊಂಡು ಮಾಡುವುದೇನು? ತಿಪ್ಪಮ್ಮನಿಗೆ ಮತ್ತೆ ಹಚ್ಚಿ, ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅಳುತ್ತಾಳೇನೋ ಎಂದುಕೊಂಡೆ. ಆ ಕಡೆಯಿಂದ ಬಂದದ್ದು ನಗು.

"ಸೀರೆ ಒಡಲು ಕೊಟ್ಟೆ ಕಣ್ರಿ. ನಮ್ಮಪ್ಪ ನೇಯ್ದ ಅಂಚನ್ನ ಯಾರಾದ್ರೂ ಕೊಡ್ತಾರಾ? ಕತ್ರಿಸಿ ಇಟ್ಕಂಡು ಕೌದಿ ಸುತ್ತ ಹೊಲ್ದೆ. ದಿನಾ ಅದರ ಮೇಲೇ ಮಲಗ್ತೀರಲ್ಲ, ಕೆಳಗೇನೈತೆ ಅಂತ ಒಂದಿನಾನಾದ್ರೂ ನೋಡೀರಾ?"

ನೋಡಿರಲಿಲ್ಲ. ಹಸುವಿನ ನಾಲಗೆಯಲ್ಲಿ ಸಾಸಿವೆಯಷ್ಟು ಹುಣ್ಣಿದ್ದರೂ ದೂರದಿಂದಲೇ ಗುರುತಿಸಬಲ್ಲೆ. ಆದರೆ ವರ್ಷದಿಂದ ಮೈಕೆಳಗಿದ್ದ ಕೌದಿಯ ಅಂಚು ಯಾವ ಬಣ್ಣದ್ದೆಂದು ಕೇಳಿದರೆ ಹೇಳಲಾರದವನಾಗಿದ್ದೆ.

ಮಧ್ಯಾಹ್ನದ ಬಸ್ಸಿಗೆ ತಿಪ್ಪಮ್ಮ ಕೌದಿಯನ್ನು ಚೀಲಕ್ಕೆ ತುರುಕಿಕೊಂಡು ತಾನೇ ಬಂದಳು. ಮಗ್ಗದ ಪಕ್ಕ ಅದನ್ನು ಬಿಡಿಸಿ ಹಾಸಿದೆವು. ಹಳೆ ಪಂಚೆ, ನನ್ನ ಖಾಕಿ ಪ್ಯಾಂಟು, ಅವಳ ಲಂಗ, ಎಲ್ಲದರ ತುಂಡುಗಳ ಸುತ್ತ ಅಂಗೈಯಗಲದ ಕೆಂಪು ಅಂಚು. ಅದರ ಉದ್ದಕ್ಕೂ ಒಂದರ ಹಿಂದೊಂದು ನಡೆದು ಹೊರಟ ನವಿಲುಗಳು. ಬಣ್ಣ ಮಾಸಿತ್ತು, ಕೊಕ್ಕು ಕಾಲು ಎಲ್ಲ ಖಚಿತವಾಗಿದ್ದವು. ಓಬಳೇಶ ಮಂಡಿಯೂರಿ, ನೋವೆಂಬುದನ್ನೂ ಮರೆತು, ಹೆಬ್ಬೆರಳಿನಿಂದ ಒಂದೊಂದೇ ನವಿಲನ್ನು ಸವರುತ್ತಾ ಕೌದಿಯ ಸುತ್ತ ತೆವಳಿದ. ಮೂರನೆಯ ಮೂಲೆ ದಾಟಿದ ಮೇಲೆ ಬೆರಳು ನಿಂತಿತು.

"ಐತೆ ಅಕ್ಕ," ಎಂದ. "ಐತೆ."

ಅಲ್ಲೊಂದು ನವಿಲು ಮಿಕ್ಕೆಲ್ಲವಕ್ಕೂ ಬೆನ್ನು ಕೊಟ್ಟು, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು.

ಆವತ್ತು ಓಬಳೇಶ ಯಾವ ಸುತ್ತುದಾರಿಯನ್ನೂ ಹಿಡಿಯದೆ ಹೇಳಿದ. ಆಗ ಅವನಿಗೆ ಹನ್ನೆರಡು ವರ್ಷ. ಅಪ್ಪ ನೇಯುವಾಗ ಚಿತ್ತಾರದ ದಾರಗಳನ್ನು ಒಂದಾದ ಮೇಲೊಂದು ಎಳೆಯುವುದು ಅವನ ಕೆಲಸ. ಅಕ್ಕನ ಮದುವೆ ಸೀರೆ ನೇಯುತ್ತಿದ್ದಾಗ ಒಂದು ದಿನ ಬೇಕೆಂದೇ ದಾರಗಳನ್ನು ಕಡೆಯಿಂದ ಮೊದಲಿಗೆ ಎಳೆದ.

"ಬೇಕಂತಲೇನಾ? ಯಾಕೋ?" ಎಂದಳು ತಿಪ್ಪಮ್ಮ.

"ಸೀರೆ ಕೆಟ್ರೆ ಮದುವೆ ನಿಲ್ತದೆ ಅಂದ್ಕಂಡಿದ್ದೆ. ನೀನು ಚಳ್ಳಕೆರೆಗೆ ಹೋಗ್ತೀಯಾ ಅಂತ ನನಗೆ ಅಳು. ಅಪ್ಪ ನೋಡಿದ. ಬಿಚ್ಚಲಿಲ್ಲ, ಹೊಡೀಲೂ ಇಲ್ಲ. ಇರ್ಲಿ ಬಿಡು ಅಂದು ಮುಂದಕ್ಕೆ ನೇಯ್ದ. ಅದು ನಿಜವಾಗ್ಲೂ ಆಗಿತ್ತಾ, ನಾನೇ ಕನಸು ಕಂಡ್ನಾ ಅಂತ ಈಗೀಗ ಅನುಮಾನ ಬಂದಿತ್ತಕ್ಕ. ನೋಡ್ಬೇಕಿತ್ತು."

ಕೌದಿಯ ಮೇಲೆ ಅಕ್ಕ ತಮ್ಮ ಇಬ್ಬರೂ ಎದುರುಬದುರು ಕೂತಿದ್ದರು. ತಿಪ್ಪಮ್ಮ ಅವನ ತಲೆಗೊಂದು ಮೊಟಕಿದಳು. ಮೊಟಕಿದ ಕೈಯನ್ನು ಅಲ್ಲಿಯೇ ಇಟ್ಟಳು. ನಾನು ಅಂಗಳಕ್ಕೆ ಎದ್ದು ಹೋಗಿ ಅವರ ಮನೆಯ ಮೇಕೆಯ ಹಲ್ಲು ಪರೀಕ್ಷೆ ಮಾಡಿದೆ. ಮೇಕೆಗೆ ಏನೂ ಆಗಿರಲಿಲ್ಲ.

ಫೋನು ಈಗ ಕಟ್ಟು ಬಿಚ್ಚಿದ ಕರುವಿನಂತೆ ಓಡುತ್ತಿದೆ. ನಂಬರುಗಳನ್ನು ಮತ್ತೆ ತುಂಬುವಾಗ ತಿಪ್ಪಮ್ಮ ಪುಸ್ತಕ ಹಿಡಿದು ಕೂತು, ಒಬ್ಬೊಬ್ಬರಿಗೂ ಅವರ ನಿಜವಾದ ಹೆಸರನ್ನೇ ಹಾಕಿಸಿದಳು. ಪರಿಣಾಮವಾಗಿ ಯಾರು ಫೋನು ಮಾಡಿದರೂ ನನಗೆ ಗೊತ್ತಾಗುವುದಿಲ್ಲ. ಯಾವ ಮಲ್ಲಪ್ಪ, ಯಾವ ಕರಿಯಮ್ಮ ಎಂದು ತಡವರಿಸಿ, ಕಡೆಗೆ "ನಿಮ್ಮ ಹಸುವಿಗೆ ಏನಾಗಿತ್ತು?" ಎಂದು ಕೇಳಿ ಜಾಡು ಹಿಡಿಯುತ್ತೇನೆ. ಓಬಳೇಶನ ನಂಬರಿಗೆ ಮಾತ್ರ ಬೇರೆ ರಿಂಗು. ಅಡುಗೆಮನೆಗೂ ಕೇಳುವಷ್ಟು ಜೋರಾದದ್ದು.

ಸೀರೆ ನೇಯಲು ಅವನಿಗೆ ಎರಡು ತಿಂಗಳು ಹಿಡಿಯಿತು. ಹೋದ ತಿಂಗಳು ಚಳ್ಳಕೆರೆಯಲ್ಲಿ ನಮ್ಮ ನೆಂಟರ ಮದುವೆಗೆ ತಿಪ್ಪಮ್ಮ ಅದನ್ನೇ ಉಟ್ಟುಕೊಂಡು ಬಂದಳು. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸೊಬ್ಬರು ಅವಳ ಸೆರಗಿನ ಅಂಚು ಹಿಡಿದು ಮೆಚ್ಚುತ್ತಾ ಹೋದವರು ಒಂದು ಕಡೆ ತಟ್ಟನೆ ನಿಂತರು.

"ಅಯ್ಯೋ, ಇದೊಂದು ನವಿಲು ಹಿಂದು ಮುಂದಾಗೈತಲ್ಲ! ಅಂಗಡಿಯೋರು ಮೋಸ ಮಾಡ್ಯಾರೆ ನೋಡ್ರಿ."

ತಿಪ್ಪಮ್ಮ ಎಡಗೈಯಿಂದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಮಡಿಲಿಗೆಳೆದುಕೊಂಡಳು.

"ಮೋಸ ಅಲ್ಲ ಕಣವ್ವ," ಎಂದಳು. "ಅದು ನನ್ನ ತಮ್ಮ."